ನೆಟ್ಟವನೂ ನೀರು ಕಟ್ಟಿದವನೂ: ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅಯ್ಯನವರ ಚರಿತ್ರೆ

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದ ಆರನೆಯ ವಚನವು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕ ಸಾರಿ ಓದಲ್ಪಡುತ್ತದೆ. ಆ ಸಭೆಯೆಂಬ ಹೊಲದಲ್ಲಿ ನಾಟಿ ಮಾಡಿದವನು ತಾನೆಂತಲೂ, ತನ್ನ ಬಳಿಕ ಬಂದ ಅಪೊಲ್ಲೋಸನು ಅದಕ್ಕೆ ನೀರು ಕಟ್ಟಿದವನೆಂತಲೂ, ಪೈರನ್ನು ಏಳಿಸಿದವನಾದರೋ ದೇವರೇ ಎಂತಲೂ ಅಪೊಸ್ತಲನು ಅಲ್ಲಿ ತಿಳಿಸುತ್ತಾನೆ. ಹೊಲದಲ್ಲಿ ದುಡಿಯುವವರಿಗೆ ಈ ಮಾತು ಕೇಳಿದ ಕೂಡಲೇ ತಿಳಿಯುತ್ತದೆ. ಹಾಗೆ ಬೇಗ ತಿಳಿಯುವದರಿಂದಲೇ ಇದನ್ನು ಓರೆಯಾಗಿ ಹಿಡಿಯುವವರೂ ಬಹು ಮಂದಿ ಇದ್ದಾರೆ. ಬೆಳೆಸುವವನು ದೇವರಾದ ಮೇಲೆ ನಾವು ಮೈಮುರಿದು ದುಡಿಯುವದೇತಕ್ಕೆ ಎಂದು ಕೆಲವರು ಕೈಕಟ್ಟಿ ಕೂತುಕೊಳ್ಳುತ್ತಾರೆ. ವರುಷದ ಕೊನೆಗೆ ಮಾಡಿದ ಕೆಲಸದ ಲೆಕ್ಕ ಕೇಳಿದಾಗ ಇನ್ನು ಕೆಲವರು ಈ ವಚನದ ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ಮೂರನೆಯ ತರದವರು ಇವರಿಬ್ಬರಿಗಿಂತಲೂ ಕಷ್ಟದವರು. ಈ ಕೇರಿಗೆ ಸುವಾರ್ತೆಯನ್ನು ಮೊದಲು ತಂದವನು ನಮ್ಮ ಅಜ್ಜನೇ, ಆದಕಾರಣ ದೇವಾಲಯದ ಮುಂದಿನ ಸಾಲೂ ಕಾಣಿಕೆಯ ಪೆಟ್ಟಿಗೆಯ ಬೀಗದ ಕೈಯೂ ನಮ್ಮ ಮನೆಗೆ ಸೇರಬೇಕು ಎಂದು ಇವರು ವಾದಿಸುತ್ತಾರೆ. ಆ ವಚನವು ತಮ್ಮಂಥವರಿಗಾಗಿಯೇ ಬರೆಯಲ್ಪಟ್ಟದ್ದೆಂಬದು ಅವರ ಗಮನಕ್ಕೆ ಬರುವದಿಲ್ಲ.

ಯಾಕಂದರೆ ಕೊರಿಂಥದಲ್ಲಿಯೂ ಜಗಳವು ಇದೇ ಆಗಿತ್ತು. ಪೌಲನು ಆ ಪಟ್ಟಣದಲ್ಲಿ ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡು ಒಂದೂವರೆ ವರುಷ ಬೋಧಿಸಿ ಮುಂದಕ್ಕೆ ಹೋದನು. ಆಮೇಲೆ ಅಲೆಕ್ಸಾಂದ್ರಿಯದವನಾದ ಅಪೊಲ್ಲೋಸನು ಬಂದನು. ಅವನು ವಾಕ್ಚತುರನು, ಶಾಸ್ತ್ರದಲ್ಲಿ ಪ್ರವೀಣನು. ಸಭೆಯವರು ಒಬ್ಬರು ಇವನ ಕಡೆಯವರೆಂತಲೂ ಮತ್ತೊಬ್ಬರು ಅವನ ಕಡೆಯವರೆಂತಲೂ ಎರಡು ಮೂರು ಪಂಗಡವಾಗಿ ಒಡೆದುಕೊಂಡರು. ಆಗ ಪೌಲನು ತನ್ನ ಪಂಗಡವನ್ನು ಬಲಪಡಿಸುವದಕ್ಕೆ ಒಂದು ಮಾತನ್ನೂ ಬರೆಯಲಿಲ್ಲ. ತನ್ನನ್ನೂ ಅಪೊಲ್ಲೋಸನನ್ನೂ ಒಂದೇ ಹೊಲದ ಇಬ್ಬರು ಆಳುಗಳೆಂದು ಎಣಿಸಿ ಬರೆದನು.

ಇದರ ಅರ್ಥವನ್ನು ದೊಡ್ಡ ವ್ಯಾಖ್ಯಾನ ಗ್ರಂಥಗಳಲ್ಲಿ ಹುಡುಕುವದಕ್ಕಿಂತ ಒಬ್ಬ ಮನುಷ್ಯನ ಜೀವಮಾನದಲ್ಲಿ ನೋಡುವದು ನಮ್ಮಂಥವರಿಗೆ ಸುಲಭ. ಆ ಮನುಷ್ಯನು ಕೊರಿಂಥದಷ್ಟು ದೂರದವನಲ್ಲ. ಹೊಸಪೇಟೆಗೆ ಸುಮಾರು 60 ಕಿಲೋಮೀಟರು ಮೂಡಲಿರುವ ಬಳ್ಳಾರಿಯೇ ಅವರ ಊರಾಗಿತ್ತು. ಸತ್ಯವೇದವನ್ನು ಕನ್ನಡದಲ್ಲಿ ನಮಗೆ ಮೊದಲು ಪೂರ್ತಿಯಾಗಿ ಕೊಟ್ಟ ಕೆಲಸವು ಅವರ ಕೈಯಿಂದ ಆರಂಭವಾಯಿತು. ಅವರೇ ಜಾನ್ ಹ್ಯಾಂಡ್ಸ್ ಅಯ್ಯನವರು.

ಅವರು 1780ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಹುಟ್ಟಿದರು. 1795ರಲ್ಲಿ ಸ್ಥಾಪಿತವಾದ ಲಂಡನ್ ಮಿಶನ್ ಸಂಘವು ಪರದೇಶಗಳಿಗೆ ಹೋಗತಕ್ಕ ಯೌವನಸ್ಥರನ್ನು ಗಾಸ್ಪೋರ್ಟ್ ಎಂಬ ಸಮುದ್ರತೀರದ ಊರಿಗೆ ಕಳುಹಿಸುತ್ತಿತ್ತು. ಅಲ್ಲಿ ಡೇವಿಡ್ ಬೋಗ್ ಎಂಬ ಸಭಾಪಾಲಕರು ಅವರಿಗೆ ಪಾಠ ಹೇಳುತ್ತಿದ್ದರು. ಚೀನ ದೇಶಕ್ಕೆ ಹೋದ ರಾಬರ್ಟ್ ಮಾರಿಸನ್ ಅವರು ಕಲಿತದ್ದೂ ಆ ಪಾಠಶಾಲೆಯಲ್ಲಿಯೇ. ಹ್ಯಾಂಡ್ಸ್ ಅಯ್ಯನವರನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಬೇಕೆಂಬದು ಸಂಘದವರ ಆಲೋಚನೆಯಾಗಿತ್ತು. ಆದರೆ 1806ರ ಜುಲೈ ತಿಂಗಳಲ್ಲಿ ವೇಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದರು. ಟಿಪ್ಪು ಸುಲ್ತಾನನ ಮಕ್ಕಳನ್ನು ಅದೇ ಕೋಟೆಯಲ್ಲಿ ಇರಿಸಿದ್ದರಿಂದ ಕುಂಪಣಿಯವರ ಭಯವು ಇಮ್ಮಡಿಯಾಯಿತು. ಬೋಧಕರು ಬಂದು ಬಾಯಿ ತೆರೆದರೆ ಮತ್ತೇನು ಗಲಭೆಯಾಗುವದೋ ಎಂದು ಅವರು ಮಿಶನರಿಗಳನ್ನು ಸಂಶಯದಿಂದ ನೋಡುತ್ತಿದ್ದರು. 1813ರ ಸನ್ನದಿನ ಕಾಯಿದೆಯಾಗುವ ತನಕ ಈ ಬಿಗುಪು ಸಡಿಲವಾಗಲಿಲ್ಲ. ಹೀಗಿರಲಾಗಿ ಶ್ರೀರಂಗಪಟ್ಟಣದ ದಾರಿ ಮುಚ್ಚಿಹೋಯಿತು. ಅಯ್ಯನವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಗೊಂಡರು. ನೆಡಬೇಕೆಂದು ಅವರು ಹೊರಟ ಹೊಲವೇ ಬೇರೆ, ದೊರಕಿದ ಹೊಲವೇ ಬೇರೆ.

ಆಗಿನ ಬಳ್ಳಾರಿ ಸೀಮೆಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟು ಹತ್ತು ವರುಷ ಮಾತ್ರ ಆಗಿತ್ತು. ಪಾಳೆಯಗಾರರನ್ನು ಅಡಗಿಸಿ ರೈತರಿಗೆ ಕಂದಾಯವನ್ನು ಗೊತ್ತುಮಾಡಿದ ಕಲೆಕ್ಟರ್ ತಾಮಸ್ ಮನ್ರೋ ಸಾಹೇಬರು 1807ರಲ್ಲಿಯೇ ಹೊರಟುಹೋಗಿದ್ದರು. ಬಳ್ಳಾರಿಯ ಗುಡ್ಡದ ಮೇಲೆ ಕೋಟೆ, ಕೆಳಗೆ ಬಿಳಿಯರ ದಂಡು. ಸಂಡೂರಿನ ಕಣಿವೆಯಲ್ಲಿ ಘೋರ್ಪಡೆ ಮನೆತನದವರು ಆಳುತ್ತಿದ್ದರು. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ, ದಖನಿ ಈ ನಾಲ್ಕೂ ಕಿವಿಗೆ ಬೀಳುತ್ತಿದ್ದವು. ಪಡುವಲಲ್ಲಿ 1565ರ ಯುದ್ಧದಿಂದ ಹಾಳಾದ ಹಂಪೆಯು ಎರಡು ನೂರು ವರುಷಕ್ಕೂ ಹೆಚ್ಚು ಕಾಲ ಹಾಳಾಗಿಯೇ ಬಿದ್ದಿತ್ತು. ಆದಾಗ್ಯೂ ಅಲ್ಲಿ ನಿಲ್ಲದೆ ನಡೆಯುತ್ತಿದ್ದದ್ದು ಒಂದುಂಟು. ವಿಜಯನಗರದ ಅರಸರು ತುಂಗಭದ್ರೆಗೆ ಅಣೆ ಹಾಕಿ ತೆಗೆಸಿದ ಕಾಲುವೆಗಳಲ್ಲಿ ನೀರು ಹರಿಯುತ್ತಲೇ ಇತ್ತು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ಕಂಪ್ಲಿಯ ಕಾಲುವೆ ಇವೆಲ್ಲಾ ಈಗಲೂ ನಮ್ಮ ಬಾಳೆಗೂ ಕಬ್ಬಿಗೂ ಭತ್ತಕ್ಕೂ ನೀರು ಕುಡಿಸುತ್ತವೆ. ಅವುಗಳನ್ನು ತೋಡಿದ ಕೂಲಿಯಾಳುಗಳಲ್ಲಿ ಒಬ್ಬನ ಹೆಸರನ್ನಾದರೂ ಬಲ್ಲವರಿಲ್ಲ.

ಬಳ್ಳಾರಿಗೆ ಬಂದ ಹ್ಯಾಂಡ್ಸ್ ಅಯ್ಯನವರಿಗೆ ಮೊದಲು ಎದುರಾದದ್ದು ಭಾಷೆಯೇ. ಆ ದಿನಗಳಲ್ಲಿ ಕನ್ನಡವನ್ನು ಕಲಿಯಬಂದ ಪರದೇಶಸ್ಥನಿಗೆ ಒಂದು ವ್ಯಾಕರಣವಾಗಲಿ ಒಂದು ನಿಘಂಟಾಗಲಿ ಇರಲಿಲ್ಲ. ಕನ್ನಡದಲ್ಲಿ ಅಚ್ಚಾದ ಪುಸ್ತಕವೇ ಅಪರೂಪ. ಕಲಿಯಬೇಕಾದರೆ ಒಬ್ಬ ಮುನಿಷಿಯನ್ನು ಎದುರಿಗೆ ಕೂಡ್ರಿಸಿಕೊಂಡು, ಒಂದೊಂದು ವಸ್ತುವನ್ನು ತೋರಿಸಿ ಹೆಸರು ಕೇಳಿ, ಕೇಳಿದ್ದನ್ನು ಬರೆದಿಟ್ಟು, ಪೇಟೆಗೆ ಹೋಗಿ ಅದೇ ಮಾತು ಜನರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡಬೇಕಾಗಿತ್ತು. ಅಯ್ಯನವರು ಹೀಗೆ ಮಾತುಗಳನ್ನು ಕೂಡಿಸುತ್ತಾ ತಮ್ಮ ಉಪಯೋಗಕ್ಕಾಗಿ ತಾವೇ ಒಂದು ವ್ಯಾಕರಣವನ್ನೂ ಶಬ್ದಗಳ ಪಟ್ಟಿಯನ್ನೂ ಮಾಡಿಕೊಂಡರು. ಅದು ಮುಗಿಯುವ ತನಕ ಕಾದುಕೊಂಡಿರದೆ ಸುವಾರ್ತೆಗಳನ್ನು ಕನ್ನಡಕ್ಕೆ ತರುವದಕ್ಕೆ ಕೈಹಾಕಿದರು.

ಒಂದು ಭಾಷೆಯ ಮಾತನ್ನು ತೆಗೆದು ಮತ್ತೊಂದು ಭಾಷೆಯ ಮಾತನ್ನು ಅಲ್ಲಿ ಇಡುವದಷ್ಟೇ ಭಾಷಾಂತರವೆಂದು ನೆನಸುವವರಿದ್ದಾರೆ. ಹಾಗಲ್ಲ. ಪಾಪವೆಂಬ ಒಂದೇ ಮಾತನ್ನು ನೋಡಿರಿ. ನಮ್ಮ ಹೆಂಗಸರು ಕುಂಟುವ ಕರುವನ್ನು ಕಂಡರೂ ಪಾಪ ಎಂದು ಮರುಗುತ್ತಾರೆ. ಅದೇ ಮಾತನ್ನು ದೇವರ ಆಜ್ಞೆಯನ್ನು ಮೀರಿದ್ದಕ್ಕೂ ಹೇಳಬೇಕು. ಕೃಪೆ, ಆತ್ಮ, ರಕ್ಷಣೆ ಮುಂತಾದ ಮಾತುಗಳೆಲ್ಲಾ ಈ ದೇಶದಲ್ಲಿ ಮೊದಲೇ ಬಳಕೆಯಲ್ಲಿದ್ದು ತಮ್ಮ ಹಳೆಯ ಅರ್ಥವನ್ನು ಹೊತ್ತುಕೊಂಡೇ ಬರುತ್ತವೆ. ಆ ಕಾಲದ ಮುನಿಷಿಗಳು ಬಹುಮಟ್ಟಿಗೆ ಬ್ರಾಹ್ಮಣ ವಿದ್ವಾಂಸರಾಗಿದ್ದದ್ದರಿಂದ ಅವರ ಬಾಯಿಗೆ ಸಂಸ್ಕೃತದ ಮಾತು ಮುಂದಾಗಿ ಬರುತ್ತಿತ್ತು. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಕನ್ನಡವು ಬೇರೆಯಾಗಿತ್ತು. ಇವೆರಡರ ನಡುವೆ ಎಲ್ಲಿ ನಿಂತರೆ ದೇವರ ವಾಕ್ಯವು ಗೌರವ ಕೆಡದೆ ತಿಳಿಯುವದೆಂಬದನ್ನು ಭಾಷಾಂತರ ಮಾಡುವವನು ಸಾಲು ಸಾಲಿಗೂ ತೀರ್ಮಾನಿಸಬೇಕು.

ನಾವು ಹೇಳುತ್ತಿರುವ ವಚನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೀರು ಕಟ್ಟುವದಕ್ಕೆ ಪೌಲನು ಗ್ರೀಕ್ ಭಾಷೆಯಲ್ಲಿ ಉಪಯೋಗಿಸಿದ ಮಾತಿಗೆ ಕುಡಿಸುವದು ಎಂಬದೇ ಮೊದಲನೆಯ ಅರ್ಥ. ಮನುಷ್ಯನಿಗೆ ಕುಡಿಸಿದರೂ ದನಕ್ಕೆ ಕುಡಿಸಿದರೂ ಗಿಡಕ್ಕೆ ನೀರೆರೆದರೂ ಆ ಭಾಷೆಯಲ್ಲಿ ಮಾತು ಒಂದೇ. ಅದೇ ಅಧ್ಯಾಯದ ಎರಡನೆಯ ವಚನದಲ್ಲಿ, ಎಳೆಗೂಸುಗಳಿಗೆ ಹೇಗೋ ಹಾಗೆ ಸಭೆಯವರಿಗೆ ತಾನು ಹಾಲು ಕೊಟ್ಟೆನೆಂದು ಹೇಳುವಾಗಲೂ ಪೌಲನು ಅದೇ ಮಾತನ್ನು ಬರೆದಿದ್ದಾನೆ. ಕನ್ನಡದಲ್ಲಿ ಹಾಲು ಕುಡಿಸುತ್ತೇವೆ, ಗಿಡಕ್ಕೆ ನೀರು ಹೊಯ್ಯುತ್ತೇವೆ, ಗದ್ದೆಗೆ ನೀರು ಕಟ್ಟುತ್ತೇವೆ. ಮಾತು ಬೇರೆ ಬೇರೆಯಾಗುವದರಿಂದ ಆ ಎರಡು ವಚನಗಳ ಸಂಬಂಧವು ನಮ್ಮ ಕಣ್ಣಿಗೆ ಬೀಳುವದಿಲ್ಲ. ಅದನ್ನು ತಿಳಿದು ಓದಿದರೆ ಅಪೊಲ್ಲೋಸನ ಕೆಲಸದ ರೀತಿಯೇ ಬೇರೆಯಾಗಿ ಕಾಣುತ್ತದೆ. ತಾಯಿಯು ಕೂಸು ಕುಡಿಯುವಷ್ಟನ್ನೇ ಕುಡಿಸುತ್ತಾಳೆ. ಹೊಸದಾಗಿ ನಾಟಿಯಾದ ಮಡಿಯಲ್ಲಿ ಸಸಿ ಮುಳುಗುವ ಹಾಗೆ ನೀರು ನಿಲ್ಲಿಸಿದರೆ ಅದು ಕೊಳೆಯುತ್ತದೆಂದು ಕಂಪ್ಲಿಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಭಾನುವಾರದ ಶಾಲೆಯಲ್ಲಿ ಏಳು ವರುಷದ ಹುಡುಗನ ಮೇಲೆ ಇಪ್ಪತ್ತು ವಚನಗಳನ್ನು ಒಂದೇ ದಿನ ಸುರಿದು, ಅವನು ಒಪ್ಪಿಸಲಿಲ್ಲವೆಂದು ಕಿವಿ ಹಿಂಡುವವರಿದ್ದಾರೆ. ಅದನ್ನು ನೀರು ಕಟ್ಟುವದೆನ್ನಲಾಗದು.

ಇನ್ನೊಂದು ಸೂಕ್ಷ್ಮವಿದೆ. ನೆಟ್ಟದ್ದನ್ನೂ ನೀರು ಕುಡಿಸಿದ್ದನ್ನೂ ಪೌಲನು ಆಗಿ ಮುಗಿದ ಕೆಲಸಗಳಾಗಿ ಹೇಳುತ್ತಾನೆ. ದೇವರು ಬೆಳೆಯಿಸಿದ್ದನ್ನು ಮಾತ್ರ ನಡೆಯುತ್ತಲೇ ಇದ್ದ ಕೆಲಸವಾಗಿ ಹೇಳುತ್ತಾನೆ. ಆಳುಗಳು ತಮ್ಮ ತಮ್ಮ ಹೊತ್ತಿಗೆ ಬಂದು ದುಡಿದು ಮನೆಗೆ ಹೋದರು. ಅವರು ಇಲ್ಲದಾಗಲೂ ಹೊಲದಲ್ಲಿ ಒಬ್ಬನು ಇದ್ದೇ ಇದ್ದನು.

ಹ್ಯಾಂಡ್ಸ್ ಅಯ್ಯನವರು ದುಡಿದ ಹೊತ್ತು ಬಹು ದೀರ್ಘವಾದದ್ದು, ಫಲವಾದರೋ ಬಹು ಸ್ವಲ್ಪವಾಗಿ ಕಾಣಿಸಿಕೊಂಡದ್ದು. ದಂಡಿನ ಬಿಳಿಯ ಸಿಪಾಯಿಗಳಲ್ಲಿ ಕೆಲವರು ಅವರ ಮಾತಿಗೆ ಕಿವಿಗೊಟ್ಟರು. ಅವರಿಂದ ಒಂದು ಚಿಕ್ಕ ಸಭೆಯು ಕೂಡಿತು. ಊರಿನ ಮಕ್ಕಳಿಗಾಗಿಯೂ ದಂಡಿನ ಮಕ್ಕಳಿಗಾಗಿಯೂ ಶಾಲೆಗಳನ್ನು ಇಟ್ಟರು. ಜೋಸೆಫ್ ಟೇಲರ್ ಎಂಬವರು ಅವರ ಸಂಗಡ ಸೇರಿ ಸೇವೆಗೆ ನಿಂತರು. ಆದರೆ ಪೇಟೆಯ ಜನರೂ ಹಳ್ಳಿಯ ಜನರೂ ಕೇಳುತ್ತಿದ್ದರು, ತರ್ಕ ಮಾಡುತ್ತಿದ್ದರು, ಕೊಟ್ಟ ಕಾಗದವನ್ನು ಮಡಿಚಿ ಇಟ್ಟುಕೊಳ್ಳುತ್ತಿದ್ದರು. ಮುಂದಕ್ಕೆ ಬರುವವರು ಮಾತ್ರ ವರುಷಗಳು ಕಳೆದರೂ ವಿರಳವಾಗಿದ್ದರು. ಚೈತ್ರ ಮಾಸದಲ್ಲಿ ಹಂಪೆಯ ವಿರೂಪಾಕ್ಷನ ರಥೋತ್ಸವಕ್ಕೆ ದಿಕ್ಕು ದಿಕ್ಕಿನಿಂದ ಬಂಡಿಗಳು ಬಂದು ಸೇರುವವು. ಬಳ್ಳಾರಿಯ ಬೋಧಕರು ಆ ಬಿಸಿಲಿನಲ್ಲಿ ಅಲ್ಲಿಗೆ ಹೋಗಿ, ಗಂಟಲು ಒಣಗುವ ತನಕ ಮಾತಾಡಿ, ಪುಸ್ತಕಗಳನ್ನು ಹಂಚಿ ಹಿಂತಿರುಗುವರು. ಅವು ಯಾವ ಯಾವ ಊರಿಗೆ ಹೋದವು, ಯಾರು ಓದಿದರು ಎಂಬದನ್ನು ತಿಳಿಯುವ ಉಪಾಯವೇ ಇರಲಿಲ್ಲ.

ಇಲ್ಲಿ ಎಂಟನೆಯ ವಚನವನ್ನು ಓದಬೇಕು. ನೆಡುವವನೂ ನೀರು ಕಟ್ಟುವವನೂ ಒಂದೇ ಎಂದು ಹೇಳಿದ ಮೇಲೆ ಅಪೊಸ್ತಲನು ಕೂಲಿಯ ಮಾತನ್ನು ಎತ್ತುತ್ತಾನೆ. ಒಬ್ಬೊಬ್ಬನಿಗೂ ಅವನವನ ಪ್ರಯಾಸಕ್ಕೆ ತಕ್ಕಂತೆ ಕೂಲಿ ದೊರಕುವದಂತೆ. ಬಂದ ಬೆಳೆಗೆ ತಕ್ಕಂತೆ ಎಂದು ಅವನು ಬರೆಯಲಿಲ್ಲ. ಕೂಲಿಗೆ ಹೋಗುವವರೂ ಪಾಲಿಗೆ ಮಾಡುವವರೂ ನಮ್ಮಲ್ಲಿ ಬಹಳ ಮಂದಿ ಇರುವದರಿಂದ ಈ ಭೇದವನ್ನು ವಿವರಿಸಬೇಕಾದ್ದಿಲ್ಲ. ಪಾಲಿಗೆ ಮಾಡಿದವನು ಬೆಳೆ ಬಾರದೆ ಹೋದರೆ ವರುಷದ ದುಡಿಮೆಯನ್ನು ಕಳಕೊಳ್ಳುತ್ತಾನೆ. ಕೂಲಿಯವನು ಸಂಜೆಗೆ ತನ್ನ ಕೂಲಿಯನ್ನು ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ಮಳೆ ಬಂದರೂ ಬಾರದಿದ್ದರೂ ಅದು ಹೊಲದ ಯಜಮಾನನ ಚಿಂತೆ. ದೇವರ ಹೊಲದಲ್ಲಿ ನಾವು ಪಾಲುದಾರರೆಂದು ತಿಳಿದವರು ಬೆಳೆಯನ್ನು ಎಣಿಸುತ್ತಾ ಒಂದು ದಿನ ಹಿಗ್ಗುತ್ತಾರೆ, ಮತ್ತೊಂದು ದಿನ ಕುಗ್ಗುತ್ತಾರೆ. ಆಳೆಂದು ತಿಳಿದವನಿಗೆ ಈ ಹೊತ್ತಿನ ಸಾಲನ್ನು ನೆಟ್ಟಗೆ ನೆಡುವದೊಂದೇ ಲಕ್ಷ್ಯ. ಹಾಗಾದರೆ ಮೈಗಳ್ಳನಿಗೆ ಈ ವಚನದಲ್ಲಿ ಅಡಗಿಕೊಳ್ಳುವ ಸ್ಥಳವೆಲ್ಲಿ? ಪ್ರಯಾಸವನ್ನೇ ಅಳೆದು ಕೂಲಿ ಕೊಡುವ ಯಜಮಾನನ ಮುಂದೆ ಫಲ ದೇವರದೆಂಬ ಮಾತು ಸೋಮಾರಿಗೆ ನೆಪವಾಗಲಾರದು.

ಹ್ಯಾಂಡ್ಸ್ ಅಯ್ಯನವರು ಬಳ್ಳಾರಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿಯೇ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ ಅಯ್ಯನವರೂ ಕನ್ನಡ ಹೊಸ ಒಡಂಬಡಿಕೆಯ ಕೆಲಸವನ್ನು ನಡೆಸುತ್ತಿದ್ದರು. 1812ರ ಮಾರ್ಚಿ 11ರಲ್ಲಿ ಅಲ್ಲಿಯ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಅನೇಕ ಭಾಷೆಗಳ ಅಕ್ಷರದ ಮೊಳೆಗಳೂ ಕಾಗದವೂ ಕೈಬರಹದ ಪ್ರತಿಗಳೂ ಸುಟ್ಟುಹೋದವು. ಕನ್ನಡದ ಪ್ರತಿಗಳೂ ಅವುಗಳಲ್ಲಿ ಸೇರಿದ್ದವು. ಕೇರಿಯವರು ಮತ್ತೆ ಮೊದಲಿನಿಂದ ಆರಂಭಿಸಿದರು. 1817ರಲ್ಲಿ ಕನ್ನಡಕ್ಕೆ ಒಂದು ವ್ಯಾಕರಣವನ್ನೂ ಅಚ್ಚು ಹಾಕಿಸಿದರು. ಒಂದೇ ಗ್ರಂಥವನ್ನು ಒಂದೇ ಭಾಷೆಗೆ ಇಬ್ಬರು ಎರಡು ಕಡೆಯಲ್ಲಿ ತರುವದು ವ್ಯರ್ಥಪ್ರಯಾಸವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವದಿಲ್ಲ. ಒಂದು ಕಡೆಯ ಪೈರು ಸುಟ್ಟ ವರುಷ ಮತ್ತೊಂದು ಕಡೆಯ ಮಡಿ ಹಸಿರಾಗಿತ್ತಷ್ಟೆ.

1816ರಲ್ಲಿ ವಿಲಿಯಂ ರೀವ್ ಅಯ್ಯನವರು ಬಳ್ಳಾರಿಗೆ ಬಂದು ಸೇರಿದರು. ಅಲ್ಲಿಂದ ಮುಂದೆ ಹಳೆಯ ಒಡಂಬಡಿಕೆಯ ಭಾರದಲ್ಲಿ ಅವರೂ ಹೆಗಲು ಕೊಟ್ಟರು. ಕನ್ನಡ ಮಾತುಗಳನ್ನು ಕೂಡಿಸುವದರಲ್ಲಿ ರೀವ್ ಅವರಿಗೆ ವಿಶೇಷ ಆಸಕ್ತಿ. ಅವರ ಇಂಗ್ಲಿಷ್ ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ ಇಂಗ್ಲಿಷ್ ನಿಘಂಟು 1832ರಲ್ಲಿಯೂ ಹೊರಬಂದವು. ವೆಸ್ಲಿಯನ್ ಮಿಶನಿನ ಸ್ಯಾಂಡರ್ಸನ್ ಅವರು ಅದನ್ನು ತಿದ್ದಿ ಬೆಳೆಸಿ 1858ರಲ್ಲಿ ಮತ್ತೆ ಅಚ್ಚುಮಾಡಿಸಿದರು. ಬಾಸೆಲ್ ಮಿಶನಿನ ಕಿಟ್ಟೆಲ್ ಅವರ ಮಹಾ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಈಗ ಕನ್ನಡವನ್ನು ಓದಬಲ್ಲವರೆಲ್ಲಾ ಕಿಟ್ಟೆಲ್ ಅವರ ಹೆಸರನ್ನು ಬಲ್ಲರು. ಬೆಂಗಳೂರಿನಲ್ಲಿ ಅವರ ಪ್ರತಿಮೆಯೂ ಇದೆ. ರೀವ್ ಅವರನ್ನು ಕೆಲವರು ಬಲ್ಲರು. ಇವರೆಲ್ಲರಿಗಿಂತ ಮೊದಲು ಬಳ್ಳಾರಿಯ ಸೆಕೆಯಲ್ಲಿ ಕೂತು ಶಬ್ದಗಳ ಪಟ್ಟಿಯನ್ನು ಬರೆದುಕೊಂಡವರನ್ನು ನೆನಸುವವರು ಇನ್ನೂ ಕಡಿಮೆ.

ಬೇರೆ ಬೇರೆ ಮಿಶನುಗಳವರ ನಡುವೆ ಆಗ ಇದ್ದ ಈ ಕೊಡುಕೊಳ್ಳುವಿಕೆಯು ನಮ್ಮ ಸಭೆಗಳಲ್ಲಿ ಅವರವರ ಮಿಶನಿನ ಹೆಸರು ಹಿಡಿದು ಜಗಳಾಡಿದವರಿಗೆ ನಾಚಿಕೆಯನ್ನುಂಟುಮಾಡತಕ್ಕದ್ದು. ಲಂಡನ್ ಮಿಶನಿನ ಸಭೆಗಳು 1908ರಲ್ಲಿ ದಕ್ಷಿಣ ಇಂಡಿಯಾ ಐಕ್ಯ ಸಭೆಯಲ್ಲಿ ಸೇರಿ, 1947ರ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಳಗೆ ಬಂದವು. ಕಾಗದದ ಮೇಲೆ ಐಕ್ಯವಾಗಿ ಇಷ್ಟು ಕಾಲವಾದರೂ ಕೇರಿಯೊಳಗೆ ಹಳೆಯ ಪಂಗಡಗಳ ನೆನಪು ಪೂರಾ ಅಳಿದಿಲ್ಲವೆಂಬದು ಎಲ್ಲರಿಗೂ ತಿಳಿದ ಸಂಗತಿ.

ಟೇಲರ್ ಅವರು 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿ ಹೊಸ ಕೆಲಸವನ್ನು ಆರಂಭಿಸಿದರು. ರೀವ್ ಅವರು ಕೆಲವು ವರುಷಗಳ ನಂತರ ಬೆಂಗಳೂರಿಗೆ ಹೋದರು. ಸಹಾಯಕ್ಕೆ ಬಂದವರು ಹೀಗೆ ಒಬ್ಬೊಬ್ಬರಾಗಿ ಬೇರೆ ಹೊಲಗಳಿಗೆ ಹೋಗುವಾಗ ಹ್ಯಾಂಡ್ಸ್ ಅಯ್ಯನವರು ಭಾಷಾಂತರದ ಕೆಲಸವನ್ನು ಬಿಡಲಿಲ್ಲ. ಬರೆಯುವದು ಮುಗಿದರೂ ಅಚ್ಚು ಹಾಕಿಸುವ ಪ್ರಯಾಸವಿತ್ತು. ಕನ್ನಡದಲ್ಲಿ ಅಕ್ಷರಕ್ಕೆ ಗುಣಿತವೂ ಒತ್ತೂ ಸೇರುವದರಿಂದ ಇಂಗ್ಲಿಷಿಗೆ ಸಾಕಾಗುವ ಮೊಳೆಗಳ ಹಲವು ಪಟ್ಟು ಮೊಳೆಗಳು ಬೇಕು. ಒಂದು ಒತ್ತು ತಪ್ಪಿದರೆ ಅರ್ಥವೇ ಕೆಟ್ಟುಹೋಗುವದರಿಂದ ಪುಟ ಪುಟವನ್ನೂ ಕಣ್ಣಿಟ್ಟು ನೋಡಬೇಕು. ಮೊದಲು ಹೊಸ ಒಡಂಬಡಿಕೆ, ಆಮೇಲೆ ಹಳೆಯ ಒಡಂಬಡಿಕೆಯ ಭಾಗಗಳು ಬಂದು, 1831ರಲ್ಲಿ ಕನ್ನಡ ಸತ್ಯವೇದವು ಸಂಪೂರ್ಣವಾಯಿತು. ಬಳ್ಳಾರಿಗೆ ಕಾಲಿಟ್ಟು ಆಗ ಇಪ್ಪತ್ತೊಂದು ವರುಷಗಳಾಗಿದ್ದವು.

ಸಾಮಾನ್ಯವಾಗಿ ಭಕ್ತರ ಚರಿತ್ರೆಗಳನ್ನು ಬರೆಯುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ವಚನವನ್ನು ಅರ್ಥಮಾಡಿಕೊಳ್ಳುವದಕ್ಕೆ ಇದರ ಮುಂದಿನ ಭಾಗವೇ ಹೆಚ್ಚು ಅವಶ್ಯವಾದದ್ದು. ಹೇಗಂದರೆ, ಹ್ಯಾಂಡ್ಸ್ ಅಯ್ಯನವರ ಸತ್ಯವೇದವು ಅವರು ಬರೆದ ಹಾಗೆಯೇ ಉಳಿಯಲಿಲ್ಲ. ಕನ್ನಡವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಬಂದರು. ಅವರ ವಾಕ್ಯಗಳಲ್ಲಿ ಕೊರತೆಗಳನ್ನು ಕಂಡರು. ಬಾಸೆಲ್ ಮಿಶನಿನ ವೈಗ್ಲೆ, ಮೋಗ್ಲಿಂಗ್ ಮುಂತಾದವರು ತಿದ್ದುಪಡಿಗೆ ಕೂತರು. ಲಂಡನ್ ಮಿಶನಿನವರೂ ಅದರಲ್ಲಿ ಸೇರಿದರು. ತಿದ್ದಿದ ಹೊಸ ಒಡಂಬಡಿಕೆಯು 1850ರ ದಶಕದಲ್ಲಿಯೂ ಸಂಪೂರ್ಣ ಗ್ರಂಥವು 1860ರ ದಶಕದಲ್ಲಿಯೂ ಬಂದವು. ಆಗಲೂ ಕೆಲಸ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ತಿದ್ದಲಾಯಿತು. ಈಗ ನಮ್ಮ ಕೈಯಲ್ಲಿರುವ ಸತ್ಯವೇದದಲ್ಲಿ ಹ್ಯಾಂಡ್ಸ್ ಅವರ ವಾಕ್ಯಗಳನ್ನು ಹುಡುಕಿ ಬೇರೆ ಮಾಡಿ ತೋರಿಸುವದು ಬಹು ಪ್ರಯಾಸದ ಮಾತು. ಇವರ ತಲೆಯ ಮೇಲೆ ಅವರು, ಅವರ ತಲೆಯ ಮೇಲೆ ಮತ್ತೊಬ್ಬರು ತಿದ್ದಿದ್ದಾರೆ.

ಪ್ರಿಯ ವಾಚಕರೇ, ಇದು ಸಣ್ಣ ಸಂಗತಿಯಲ್ಲ. ಒಬ್ಬ ಮನುಷ್ಯನು ಯೌವನದಲ್ಲಿ ತೊಡಗಿ ತಲೆ ನರೆಯುವ ತನಕ ಮಾಡಿದ ಒಂದೇ ದೊಡ್ಡ ಕೆಲಸವನ್ನು ಇತರರು ಅವನು ಬದುಕಿರುವಾಗಲೇ ಮುಂದಿಟ್ಟುಕೊಂಡು ಇದು ಸಾಲದು, ಅದು ಸರಿಯಿಲ್ಲ ಎಂದು ಬರೆಹದ ಮೇಲೆ ಬರೆಹ ಬರೆದರೆ ಅವನ ಮನಸ್ಸು ಹೇಗಿರಬೇಕು? ನಮ್ಮ ಮನೆಯಲ್ಲಿ ಅತ್ತೆಯು ಹಾಕಿದ ಒಲೆಯನ್ನು ಸೊಸೆಯು ಒಂದು ಗೇಣು ಆಚೆಗೆ ಸರಿಸಿದರೆ ಒಂದು ವಾರ ಮಾತುಕಥೆ ನಿಲ್ಲುತ್ತದೆ. ಅಣ್ಣನು ಹಾಕಿದ ಬದುವನ್ನು ತಮ್ಮನು ತಿದ್ದಿದರೆ ಪಂಚಾಯಿತಿ ಸೇರುತ್ತದೆ. ಹಿಂದಿನ ಉಪದೇಶಿಯು ಇಟ್ಟ ಪ್ರಾರ್ಥನೆಯ ಹೊತ್ತನ್ನು ಹೊಸ ಉಪದೇಶಿಯು ಅರ್ಧ ಗಂಟೆ ಹಿಂದುಮುಂದು ಮಾಡಿದರೆ ಸಭೆಯೇ ಎರಡು ಪಾಲಾಗುವದೂ ಉಂಟು. ನೆಡುವದಕ್ಕೆ ಬೇಕಾದ ಭಕ್ತಿಯು ಒಂದು ತರದ್ದು. ತಾನು ನೆಟ್ಟದ್ದರೊಳಗೆ ಮತ್ತೊಬ್ಬನು ಇಳಿದು ಕಳೆ ಕೀಳುವಾಗ ಬದುವಿನ ಮೇಲೆ ಸುಮ್ಮನೆ ನಿಲ್ಲುವ ಭಕ್ತಿಯು ಮತ್ತೊಂದು ತರದ್ದು. ಎರಡನೆಯದು ಅಪರೂಪವೆಂದು ನಮ್ಮ ಅಭಿಪ್ರಾಯ. ಪೌಲನು ಆ ವಚನವನ್ನು ಬರೆದದ್ದು ತನಗಿಂತ ಚೆನ್ನಾಗಿ ಮಾತಾಡುವವನು ಬಂದು ಜನರನ್ನು ಸೆಳೆದುಕೊಂಡ ಮೇಲೆಯೇ ಎಂಬದನ್ನು ಮರೆಯಬಾರದು.

ಆದರೆ ಇದನ್ನೂ ಹೇಳಬೇಕು: ತಿದ್ದಿದವರು ಹ್ಯಾಂಡ್ಸ್ ಅವರ ಪುಸ್ತಕವನ್ನು ಹಿತ್ತಿಲಿಗೆ ಎಸೆದು ಹೊಸದಾಗಿ ಆರಂಭಿಸಲಿಲ್ಲ. ಮೊದಲಿನವರು ಬರಿಗೈಯಿಂದ ಕಾಡು ಕಡಿದ ನೆಲದಲ್ಲಿ ತಾವು ನೇಗಿಲು ಹೂಡುತ್ತಿದ್ದೇವೆಂಬದನ್ನು ಅವರು ಬಲ್ಲವರಾಗಿದ್ದರು. ತಿದ್ದತಕ್ಕದ್ದೊಂದು ಮೊದಲೇ ಇತ್ತೆಂಬದೇ ಅವರಿಗೆ ದೊಡ್ಡ ಸಹಾಯ. ನೀರು ಕಟ್ಟುವವನು ನೆಟ್ಟವನನ್ನು ಹೀಯಾಳಿಸತಕ್ಕದ್ದಲ್ಲ. ಹಳೆಯವರಿಗೆ ಏನೂ ತಿಳಿಯದೆಂದು ಹೇಳುತ್ತಾ ಪಟ್ಟಣದಲ್ಲಿ ಓದಿ ಬಂದ ನಮ್ಮ ಮಕ್ಕಳು, ಅಕ್ಷರ ಬಾರದ ತಮ್ಮ ಅಜ್ಜಿಯು ಕತ್ತಲಲ್ಲಿ ಕೂತು ಬಾಯಿಪಾಠ ಮಾಡಿಸಿದ ಪ್ರಾರ್ಥನೆಯಿಂದಲೇ ತಾವು ನಿಂತಿದ್ದೇವೆಂಬದನ್ನು ಯೋಚಿಸಬಹುದು.

ನಮ್ಮ ಸೀಮೆಯಲ್ಲಿ ಈ ವಚನಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. ಕಾಲುವೆಯ ಕೆಳಗಿನ ಊರುಗಳಲ್ಲಿ ನೀರುಗಂಟಿಯು ನಡುರಾತ್ರಿ ಎದ್ದು ತೂಬು ತೆರೆಯುತ್ತಾನೆ. ಆ ನೀರಿನಿಂದ ಆದ ಸುಗಂಧಿ ಬಾಳೆಯ ಗೊನೆಗೆ ಸಂತೆಯಲ್ಲಿ ಬೆಲೆ ಕಟ್ಟುವಾಗ ಅವನ ಹೆಸರು ಬರುವದಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಅದಿರು ಅಗೆದವನು ಅದರಿಂದ ಆದ ಕಬ್ಬಿಣವು ಯಾವ ಊರಿನ ಸೇತುವೆಗೆ ಹೋಯಿತೆಂದು ಅರಿಯನು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಣಿ ಕಡಿದು ಬಾಗಿಲು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಬಾಗಿಲನ್ನು ತುಂಡು ತುಂಡಾಗಿ ಇಳಿಸಿ ಸುಮಾರು ಒಂದು ವಾರದಲ್ಲಿ ನೀರನ್ನು ತಡೆದ ಕೆಲಸಗಾರರ ಹೆಸರುಗಳನ್ನು ಕೆಳಗಿನ ರೈತರಲ್ಲಿ ಎಷ್ಟು ಮಂದಿ ಬಲ್ಲರು? ಆ ಸಾರಿ ಉಳಿದ ನೀರಿನಿಂದ ಗದ್ದೆಗಳು ನಾಟಿಯಾದವು.

ಹಾಗೆಯೇ ನೀರಿನ ಸರದಿಯ ವಿಷಯವೂ ಒಂದುಂಟು. ನೆರೆಯವನ ಸರದಿಯ ಹೊತ್ತಿನಲ್ಲಿ ಮಡೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಭಾನುವಾರ ಬೆಳಿಗ್ಗೆ ಬಂದು ಈ ವಚನವನ್ನು ಗಟ್ಟಿಯಾಗಿ ಓದುವವನು ತಾನೇನು ಓದುತ್ತಿದ್ದೇನೆಂದು ನಿಂತು ನೋಡಲಿ. ಒಂದೇ ಹೊಲದ ಆಳುಗಳೆಂದ ಮೇಲೆ ಅವನ ಮಡಿಯೂ ಅದೇ ಯಜಮಾನನದು.

ಹ್ಯಾಂಡ್ಸ್ ಅಯ್ಯನವರು ನಡುವೆ ಒಮ್ಮೆ ತಮ್ಮ ದೇಶಕ್ಕೆ ಹೋಗಿ ಬಂದರೂ ಹೆಚ್ಚು ಕಡಿಮೆ ಮೂವತ್ತು ವರುಷ ಈ ಸೀಮೆಯ ಸೇವೆಯಲ್ಲಿದ್ದರು. ಅವರ ಕಾಲದಲ್ಲಿ ಬಳ್ಳಾರಿಯ ಸುತ್ತಲಿನ ಹಳ್ಳಿಗಳಲ್ಲಿ ಕ್ರೈಸ್ತ ಸಭೆಗಳು ಹುಟ್ಟಲಿಲ್ಲವೆಂದೇ ಹೇಳಬೇಕು. ಹೊಲೆಯರ, ಮಾದಿಗರ ಕೇರಿಗಳಿಂದ ಗುಂಪು ಗುಂಪಾಗಿ ಜನರು ಸಭೆಗೆ ಸೇರಿದ್ದು ಬಹು ಕಾಲದ ಮೇಲೆ. 1876ರಿಂದ 1878ರ ತನಕ ಈ ಸೀಮೆಯನ್ನು ಹಿಂಡಿದ ಮಹಾ ಕ್ಷಾಮವೂ ಅವರ ಮರಣದ ಬಳಿಕ ಬಂದದ್ದು. ನಮ್ಮ ಅಜ್ಜ ಮುತ್ತಜ್ಜಂದಿರು ಸ್ನಾನ ಹೊಂದಿದ ದಿನವನ್ನು ಅವರು ಕಾಣಲಿಲ್ಲ.

ಮುಪ್ಪಿನಲ್ಲಿ ಅವರು ಸಮುದ್ರದಾಚೆಯ ತಮ್ಮ ಜನರ ಬಳಿಗೆ ಹಿಂತಿರುಗಿ 1864ರಲ್ಲಿ, ಎಂಭತ್ತು ದಾಟಿದ ಪ್ರಾಯದಲ್ಲಿ ತೀರಿಕೊಂಡರು. ಆ ಹೊತ್ತಿಗೆ ಇಲ್ಲಿಯ ಕನ್ನಡ ಸಭೆಗಳಲ್ಲಿ ಇತರರು ತಿದ್ದಿದ ಹೊಸ ಒಡಂಬಡಿಕೆಯು ಓದಲ್ಪಡುತ್ತಿತ್ತು.